ನಿಮ್ಮ ಕಪ್ತಾನ ಯಾರು?

ಬೀದರಿನ ಚೌಬಾರಾದ ಹಿಂದ, ಹೋಟೆಲಿನ ಅಟ್ಟದ ಮ್ಯಾಲೆ
ತಿಂಗಳಿಗೊಮ್ಮೆ ಕೂಡ್ತೇವೆ ಐದು ಮಂದಿ.
ಇಲ್ಲಿ ಯಾರೂ ಉಮರು ಕೇಳೋದಿಲ್ಲ.
'ನಿಮ್ಮ ಕಪ್ತಾನ ಯಾರು?' ಅಂತಾರ.
ಅಷ್ಟರಾಗ ತಿಳೀತದ
ಯಾರ ಮೊಣಕಾಲು ಎಷ್ಟು ಹಳೇದು.

ಬೋಳುತಲೆಯ ಮೊದಲನೆಯವ ಅಂದ್ರ ಅರವತ್ತರ ಆಚಿ.
ಗಡಸು ದನಿಯ ಆ ಹೆಣ್ಮಗಳು ಅಂದ್ರ ಐವತ್ತು, ಐವತ್ತೆರಡು.
ಮೂರನೆಯವ, ಯಾವಾಗ್ಲೂ ನಗೋ ಹುಡುಗ, ಅಂದವರಿಗೆ
ಎಲ್ಲರಿಗೂ ಚಹಾ ಹಾಕೋ ಕೆಲಸ.

'ತಾರಾ ಡಾಕ್'. ಐತವಾರ ಮುಂಜಾನಿ.
ಗ್ರಹದಿಂದ ಗ್ರಹಕ್ಕ ಕಾಗದ ಒಯ್ಯೋ ಒಂದು ಮುದಿ ನೌಕೆ,
ರಟ್ಟಿನ ಗೋಡೆ, ದಾರ ಕಾಣೋ ಉಲ್ಕೆ,
ವಿಳಾಸದಾರ ಸತ್ತು ಇನ್ನೂರು ವರ್ಷಾದ ಮ್ಯಾಲೂ
ಬಾಗಿಲು ಬಡಿಯೋ ಅಂಚೆಯವರು.
ಹಿಂದಿ ಮಾತು ಅರ್ಧ ತಿಳೀತಿತ್ತು.
ಉಳಿದರ್ಧ ನಾವೇ ತುಂಬಿಕೊಂಡಿವಿ.

ಅಂಗಿಯ ಬಣ್ಣಕ್ಕ ಇವತ್ತೂ ಜಗಳ.
'ನೀಲಿ,' ಅಂತಾರ ವೈಜಿನಾಥ ಬಾವಗಿ;
ಅವರ ಮನಿ ಟಿವಿಗೆ ನೀಲಿ ಹಾಳಿ ಅಂಟಿಸಿತ್ತು.
'ಬೂದಿ,' ಅಂತಾರ ಎಸ್ತೆರಮ್ಮ, ಮಿಷನ್ ದವಾಖಾನಿ ನರ್ಸು,
ರಾತ್ರಿ ಪಾಳಿ ಮುಗಿಸಿ, ಬೂಟು ಬಿಚ್ಚದೇ
ವಾರ್ಡಿನ ಟಿವಿ ಮುಂದ ನಿಂತೇ ನೋಡಿದವರು.
'ಕೆಂಪು,' ಅಂತಾಳ ತ್ರಿವೇಣಿ ಚಹಾ ಸೋಸ್ತಾ,
'ನಮ್ಮದು ಕಲರ್ ಟಿವಿ.'
ಆಕೀ ಮಾತು ಯಾರೂ ಲೆಕ್ಕಕ್ಕ ಹಿಡಿಯೋದಿಲ್ಲ.

ಮಕ್ಸೂದ್ ಮಾಮು ಸುಮ್ಮನ ಚೀಲದಿಂದ ತೆಗೀತಾನ
ಅಂಗೈಯಷ್ಟು ನೌಕೆ. ಬಿದ್ರಿ ಕೆಲಸ.
ಕೋಟೆ ಮಣ್ಣಿನ ನೀರಾಗ ಕುದ್ದು ಕಪ್ಪಾದ ಮೈ,
ಬೆಳ್ಳಿ ತಂತಿಯ ಕಿಟಕಿ ಹನ್ನೊಂದು.
'ಹನ್ನೆರಡು ಇದ್ವು,' ಅಂತಾರ ಬಾವಗಿ.
'ಒಂದು ನಾಕನೇ ಕಂತಿನಾಗ ಒಡೀತು, ಸಾಬ್.
ನೀವು ಅವತ್ತ ನೋಡಿಲ್ಲ.'

ಮ್ಯಾಲೆ ತರಬೇತಿ ವಿಮಾನ ಹಾಯ್ತದ, ಗ್ಲಾಸು ನಡಗ್ತಾವ.
ಬಾಯಿ ತೆರೆದಲ್ಲೇ ಮಾತು ತಡೆದು
ಸದ್ದು ದಾಟಿದ ಮ್ಯಾಲೆ ಅದೇ ಅಕ್ಷರದಿಂದ ಶುರು ಮಾಡೋದು
ಈ ಊರಿನವರಿಗೆ ರೂಢಿ.

ನನ್ನ ಸರತಿ.
'ಮೊದಲನೆಯವ' ಅಂತ ಹೇಳ್ಕೋತ ಬಂದೀನಿ ಹತ್ತು ವರ್ಷ.
ಮಂದಿ ಕೂದಲಕ್ಕ ಕರಿ ಹಚ್ಕೋತಾರ,
ನಾ ಬಿಳಿ ಹಚ್ಕೊಂಡವ.
ನನಗ ಬಿಡದೇ ಕಾಡಿದ್ದು, ಅಂದೆ, ಮೂರನೇ ಚಂದ್ರನ ಕಂತು.
ಕಾಗದ ಕೊಡ್ಲಿಕ್ಕ ಇಳಿದ ಕಪ್ತಾನನ್ನ
ಆ ಊರವರು ಎಳ್ಳಮಾಸಿ ಊಟಕ್ಕ ಹೊಲಕ್ಕ ಕರೀತಾರ.
ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಬಡಿಸಿ
ಒಂದು ತಂಬಿಗಿ ಅಂಬಲಿ ಮುಂದ ಹಿಡೀತಾರ.
ಕುಡೀಬೇಕಂದ್ರ ಹೆಲ್ಮೆಟ್ ತೆಗೀಬೇಕು.
ತೆಗೆದ್ರ ಆ ಗಾಳಿಗೆ ಸಾಯ್ತಾನ.

ಮೇಜು ಸುಮ್ಮಗಾಯ್ತು. ವಿಮಾನ ಇರಲಿಲ್ಲ.

ಚಂದ್ರನ ಮ್ಯಾಲೆ ಎಳ್ಳಮಾಸಿ.
ನಲವತ್ತು ವರ್ಷ ಇದು ನನಗ ಹೊಳೆದಿರಲಿಲ್ಲ.
ನಮ್ಮ ಮನ್ಯಾಗ ಟಿವಿ ಇರಲಿಲ್ಲ.
ನಮ್ಮ ಅಕ್ಕ ಜಗದೇವಿ ಗುತ್ತೇದಾರರ ಕಿಟಕಿ ಸರಳು ಹಿಡಿದು
ನೋಡಿ ಬಂದು, ಐದು ವರ್ಷದ ನನಗ
ಹುಣಸಿ ಬೀಜ ಬಿಡಸ್ಕೋತ ಹೇಳ್ತಿದ್ದಳು.
ಅವರು ಕಿಟಕಿ ಹಾಕಿಕೊಂಡ ವಾರಾನೂ
ಹೇಳ್ತಿದ್ದಳು.

ಎಸ್ತೆರಮ್ಮ ಬಿಸ್ಕೀಟು ಅದ್ದಿ, ಅದು ಮುರಿದು ಬಿದ್ದು,
ಚಮಚದಾಗ ಹುಡುಕ್ತಾ ಅಂದರು:
'ನೆನಪದ. ಕಡೀಗೆ ತೆಗೀತಾನಲ್ಲ?'
'ಮೀಸಿಗೆ ಅಂಬಲಿ ಹತ್ತಿತ್ತು,' ಅಂದ ಮಕ್ಸೂದ್ ಮಾಮು.
'ಅವನಿಗೆಲ್ಲಿ ಮೀಸಿ?' ಅಂತ ಎದ್ದೇ ನಿಂತರು ಬಾವಗಿ.
ತ್ರಿವೇಣಿ ನನ್ನ ಕಡೆ ನೋಡಿದಳು,
ಚಹಾದ ಕೆಟಲಿ ನನ್ನ ಮುಂದ ಸರಿಸಿದಳು.

ರಾತ್ರಿ ಹುಮನಾಬಾದಿಗೆ ಫೋನ್ ಹಚ್ಚಿದೆ.
'ಯಾವ ಕಪ್ತಾನೋ? ನಾ ಆ ಕಿಟಕಿಗೆ ಹೋಗ್ತಿದ್ದದ್ದು
ಅವರ ಮನಿ ಫ್ಯಾನಿನ ಗಾಳಿಗೆ,' ಅಂದಳು ಅಕ್ಕ.
ಎಳ್ಳಮಾಸಿ ಕಂತು ಪೂರಾ ಹೇಳಿದೆ, ತಂಬಿಗಿ ತನಕ.
ಆ ಕಡೆ ಒಂದು ಗಳಿಗಿ ಮಿಕ್ಸರಿನ ಸದ್ದು ನಿಂತಿತು.
'ಆಮ್ಯಾಲ?' ಅಂದಳು,
'ಕುಡದನೇನು?'